ಸಂಘದ ಸದಸ್ಯರು ಸರ್ಕಾರಿ ನೀತಿಯ ಕೆಲಸಕ್ಕೆ ಯಾಕೆ ಬರುವುದಿಲ್ಲ?

ಪ್ರಶ್ನೆ: ನಾನು ಒಂದು ವ್ಯಾಪಾರ ಸಂಘದ ಕಾರ್ಯದರ್ಶಿ. ಸುಮಾರು 300 ಸದಸ್ಯರಿದ್ದಾರೆ. ಸರ್ಕಾರ ಹೊಸ ನಿಯಮದ ಕರಡು ಹೊರಡಿಸಿದಾಗಲೆಲ್ಲ ಅಧ್ಯಕ್ಷರು ಮತ್ತು ನಾನು ಇಬ್ಬರೇ ಕೂತು ಮನವಿ ಬರೆಯುತ್ತೇವೆ. ಅಭಿಪ್ರಾಯ ಕೇಳಿ ಎಲ್ಲರಿಗೂ ಮೆಸೇಜ್ ಹಾಕಿದರೆ ನಾಲ್ಕೈದು ಜನ ‘ಓಕೆ’ ಅಂತ ಉತ್ತರ ಹಾಕುತ್ತಾರೆ, ಅಷ್ಟೇ. ದೊಡ್ಡ ಕಂಪನಿಗಳಿಗೂ ಸಣ್ಣವರಿಗೂ ಮಾತು ಹೊಂದುವುದಿಲ್ಲ, ಹಾಗಾಗಿ ಯಾರಿಗೂ ಬೇಜಾರಾಗದ ಹಾಗೆ ಬರೆದು ಕಳಿಸುತ್ತೇವೆ. ಸದಸ್ಯರನ್ನೇ ಅಧಿಕಾರಿಗಳ ಹತ್ತಿರ ಕರೆದುಕೊಂಡು ಹೋಗೋಣ ಅಂದರೆ ಏನಾದರೂ ಮಾತಾಡಿ ಕೆಲಸ ಕೆಡಿಸುತ್ತಾರೇನೋ ಎಂಬ ಭಯ. ಇವರನ್ನು ನಿಜವಾಗಿ ಒಳಗೆ ತರುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲೇ ಒಂದು ಸಾಲಿದೆ, ‘ಅಭಿಪ್ರಾಯ ಕೇಳಿ ಎಲ್ಲರಿಗೂ ಮೆಸೇಜ್ ಹಾಕಿದರೆ’ ಅಂತ. ಗಂಟು ಇರುವುದು ಅಲ್ಲೇ.

ಆ ಮೆಸೇಜ್ ಓದುವವರ ಜಾಗದಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ. ದಿನವಿಡೀ ವ್ಯಾಪಾರ ನೋಡಿಕೊಂಡು, ಸಾಲ ಕೊಟ್ಟವರಿಗೂ ಸಾಲ ತಗೊಂಡವರಿಗೂ ಉತ್ತರ ಹೇಳಿ, ರಾತ್ರಿ ಎಂಟಕ್ಕೆ ಫೋನ್ ತೆಗೆದರೆ 40 ಪುಟದ ಪಿಡಿಎಫ್. ಅದರ ಕೆಳಗೆ ‘ದಯವಿಟ್ಟು ಶುಕ್ರವಾರದೊಳಗೆ ತಮ್ಮ ಅಭಿಪ್ರಾಯ ತಿಳಿಸಿ’. ಕಾನೂನಿನ ಭಾಷೆ, ಉಪನಿಯಮ, ಅನುಸೂಚಿ. ಆ ಮನುಷ್ಯನ ಹತ್ತಿರ ಆ ಪಿಡಿಎಫ್ ಬಗ್ಗೆ ಅಭಿಪ್ರಾಯ ಅಂತ ಏನೂ ಇರುವುದಿಲ್ಲ. ಆದರೆ ಅವರ ಹತ್ತಿರ ದಾಸ್ತಾನಿನ ಪುಸ್ತಕ ಇದೆ. ಯಂತ್ರ ಎಷ್ಟು ಹೊತ್ತು ಓಡುತ್ತದೆ ಅನ್ನುವುದು ಗೊತ್ತು. ಒಂದು ಲೈಸೆನ್ಸ್ ನವೀಕರಣಕ್ಕೆ ಎಷ್ಟು ಸಲ ಕಚೇರಿ ಮೆಟ್ಟಿಲು ಹತ್ತಿದರು ಅನ್ನುವುದು ಕರಾರುವಾಕ್ಕಾಗಿ ಗೊತ್ತು. ಕರಡು ಬರೆದವರಿಗೆ ಗೊತ್ತಿಲ್ಲದೇ ಇರುವುದು ಇದೇ. ನೀವು ಕೇಳಬೇಕಾದ್ದೂ ಇದನ್ನೇ.

ನಾನು ಬೇರೆ ಬೇರೆ ಸಂಘಗಳ ಜೊತೆ ಈ ಕೆಲಸ ಮಾಡಿಕೊಂಡು ಬಂದವನು. ಸದಸ್ಯರಿಗೆ ಆಸಕ್ತಿ ಇಲ್ಲ ಅನ್ನುವ ದೂರು ಹೋದಲ್ಲೆಲ್ಲ ಕೇಳಿದ್ದೇನೆ. ಹತ್ತಿರ ಹೋಗಿ ನೋಡಿದರೆ ಬಹಳಷ್ಟು ಕಡೆ ಒಂದೇ ಕಥೆ. ಸದಸ್ಯರನ್ನು ಕೊನೆಯಲ್ಲಿ ಕರೆಯುತ್ತಾರೆ. ಮನವಿ ಬರೆದಾದ ಮೇಲೆ ಸಹಿ ಹಾಕಲು, ನಿಯೋಗ ಹೊರಟಾಗ ಹಿಂದೆ ನಿಲ್ಲಲು, ಫೋಟೋಗೆ. ಕೆಲಸ ಶುರುವಾಗುವ ಜಾಗಕ್ಕೆ ಕರೆಯುವುದಿಲ್ಲ. ಹಾಗೆ ಎರಡು ಸಲ ಆದರೆ ಮೂರನೇ ಸಲ ಯಾರು ಬರುತ್ತಾರೆ ಹೇಳಿ?

ಇನ್ನೊಂದು ಕಾರಣವೂ ಇದೆ, ಅದನ್ನು ಸದಸ್ಯರ ತಪ್ಪು ಅಂತ ತಿಳಿಯಬೇಡಿ. ನಿಯಮ ಸಡಿಲವಾದರೆ ಲಾಭ ಎಲ್ಲರಿಗೂ ಸಿಗುತ್ತದೆ, ಸಂಘಕ್ಕೆ ಚಂದಾ ಕೂಡ ಕಟ್ಟದವರಿಗೂ ಸಿಗುತ್ತದೆ. ಓಡಾಡುವ ಕಷ್ಟ ಮಾತ್ರ ಓಡಾಡಿದವರಿಗೆ. ಹಾಗಿರುವಾಗ ‘ನಾನೊಬ್ಬ ಹೋಗದಿದ್ದರೆ ಏನಾಗುತ್ತೆ’ ಅಂದುಕೊಳ್ಳುವುದು ಸಹಜ ಲೆಕ್ಕ. ವಾರ್ಷಿಕ ಸಭೆಯಲ್ಲಿ ಎಷ್ಟು ಬೈದರೂ ಈ ಲೆಕ್ಕ ಬದಲಾಗುವುದಿಲ್ಲ. ಬದಲಾಗಬೇಕಾದರೆ ನೀವು ಕೇಳುವ ಕೆಲಸ ತೀರಾ ಚಿಕ್ಕದಾಗಬೇಕು, ಮತ್ತು ಅದನ್ನು ಆ ಒಬ್ಬರೇ ಮಾಡಬಲ್ಲರು ಅನ್ನುವುದು ಅವರಿಗೆ ಕಾಣಬೇಕು. 300 ಜನರಿಗೆ ಕೇಳಿದ ಪ್ರಶ್ನೆ ಯಾರ ಪ್ರಶ್ನೆಯೂ ಅಲ್ಲ. ಹೆಸರು ಹಿಡಿದು ಒಬ್ಬರಿಗೆ ಫೋನ್ ಮಾಡಿ ಕೇಳಿದ್ದು ಅವರದೇ ಪ್ರಶ್ನೆ.

ಒಂದು ಘಟನೆ ಹೇಳುತ್ತೇನೆ. ಪ್ಯಾಕ್ ಮಾಡಿದ ವಸ್ತು ತಯಾರಿಸುವವರ ಸಂಘ. ಲೇಬಲ್ ಮೇಲಿನ ಅಕ್ಷರದ ಗಾತ್ರ ದೊಡ್ಡದಾಗಬೇಕು, 60 ದಿನದೊಳಗೆ ಜಾರಿ ಅಂತ ಕರಡು ಬಂತು. ಪದಾಧಿಕಾರಿಗಳು ಬರೆದಿಟ್ಟಿದ್ದ ಮನವಿಯಲ್ಲಿ ‘ಉದ್ಯಮಕ್ಕೆ ತೀವ್ರ ಹೊಡೆತ’, ‘ಸಣ್ಣ ಘಟಕಗಳು ಮುಚ್ಚುವ ಸ್ಥಿತಿ’ ಅನ್ನುವ ಮಾತುಗಳಿದ್ದವು. ಅದನ್ನು ಪಕ್ಕಕ್ಕಿಟ್ಟು ನಾವು ಐದು ಸದಸ್ಯರಿಗೆ ಫೋನ್ ಮಾಡಿದೆವು. ಅಭಿಪ್ರಾಯ ಕೇಳಲಿಲ್ಲ. ‘ಇವತ್ತು ನಿಮ್ಮ ಗೋದಾಮಿನಲ್ಲಿ ಪ್ರಿಂಟ್ ಆಗಿ ಕೂತಿರುವ ಪ್ಯಾಕಿಂಗ್ ರೋಲ್ ಎಷ್ಟು ತಿಂಗಳಿಗೆ ಬರುತ್ತೆ?’ ಅಂತ ಕೇಳಿದೆವು. ಅವರಲ್ಲಿ ಒಬ್ಬರು ಸಣ್ಣ ಘಟಕದವರು, ಸಂಘದ ಸಭೆಗೆ ಅಪರೂಪಕ್ಕೂ ಬಂದವರಲ್ಲ. ಅವರು ತಕ್ಷಣ ಹೇಳಿದರು: ಐದು ತಿಂಗಳು. ಯಾಕೆ ಅಷ್ಟೊಂದು ಅಂದರೆ, ಪ್ರಿಂಟ್ ಮಾಡಿಕೊಡುವವರು ಕಡಿಮೆ ಪ್ರಮಾಣಕ್ಕೆ ಆರ್ಡರ್ ತಗೊಳ್ಳುವುದೇ ಇಲ್ಲ. ದೊಡ್ಡ ಕಂಪನಿಗೆ ಮೂರು ವಾರದಲ್ಲಿ ಮುಗಿಯುವ ರೋಲ್ ಇವರಿಗೆ ಐದು ತಿಂಗಳು ಬರುತ್ತದೆ.

ಅವರನ್ನೇ ಸಭೆಗೆ ಕರೆದುಕೊಂಡು ಹೋದೆವು. ಕೈಯಲ್ಲಿ ಎರಡು ಅಡಿ ಉದ್ದದ ಪ್ರಿಂಟ್ ಆದ ಫಿಲ್ಮ್ ತುಂಡು ಮತ್ತು ದಾಸ್ತಾನಿನ ಪುಸ್ತಕ. ಅಧಿಕಾರಿ ಒಳ್ಳೆಯವರೇ, ಆದರೆ ಲೇಬಲ್ ಬದಲಿಸುವುದು ಅಂದರೆ ಕಂಪ್ಯೂಟರ್‌ನಲ್ಲಿ ತಿದ್ದಿ ಮತ್ತೆ ಪ್ರಿಂಟ್ ಕೊಡುವುದು ಅಂದುಕೊಂಡಿದ್ದರು. ಇವರು ಆ ಫಿಲ್ಮನ್ನು ಮೇಜಿನ ಮೇಲೆ ಹಾಸಿ ತೋರಿಸಿದರು. ಇದು ಉಕ್ಕಿನ ಸಿಲಿಂಡರ್‌ನಲ್ಲಿ ಕೆತ್ತಿ ಪ್ರಿಂಟ್ ಮಾಡುವುದು ಸಾರ್, ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್, ಅಕ್ಷರ ದೊಡ್ಡದಾದರೆ ಸುತ್ತ ಇರುವ ಚಿತ್ರ ಎಲ್ಲ ಜರುಗುತ್ತದೆ, ಆಗ ಒಂದು ಸಿಲಿಂಡರ್ ಬದಲಿಸಿದರೆ ಸಾಲದು, ಅಷ್ಟನ್ನೂ ಹೊಸದಾಗಿ ಮಾಡಿಸಬೇಕು. ಅಧಿಕಾರಿ ಫಿಲ್ಮನ್ನು ಎತ್ತಿ ಬೆಳಕಿಗೆ ಹಿಡಿದರು. ಸ್ಕೇಲ್ ತರಿಸಿ ಅಕ್ಷರ ಅಳೆದರು. ದಾಸ್ತಾನಿನ ಪುಸ್ತಕ ತಿರುವಿದರು. ಆಮೇಲೆ ಕೇಳಿದ ಪ್ರಶ್ನೆ ಒಂದೇ: ‘ಹಳೇ ರೋಲ್ ಮುಗಿಸೋಕೆ ಎಷ್ಟು ತಿಂಗಳು ಕೊಟ್ಟರೆ ಸಾಕು?’

ಅಂತಿಮ ನಿಯಮದಲ್ಲಿ ಹಳೆಯ ದಾಸ್ತಾನು ಮುಗಿಸಲು ಹೆಚ್ಚಿನ ಕಾಲಾವಕಾಶ ಸಿಕ್ಕಿತು. ಅಕ್ಷರದ ಗಾತ್ರ ಕಡಿಮೆಯಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಕೊಳ್ಳುವವರಿಗೆ ಓದಲು ಬರಬೇಕು ಅನ್ನುವುದು ಸರಿಯಾದ ಮಾತೇ. ಪದಾಧಿಕಾರಿಗಳ ಮೊದಲ ಮನವಿ ಇಡೀ ನಿಯಮವನ್ನೇ ಬೇಡ ಅನ್ನುತ್ತಿತ್ತು. ಸದಸ್ಯರ ಲೆಕ್ಕ ಮುಂದೆ ಬಂದಾಗ, ನಮಗೆ ನಿಜಕ್ಕೂ ಬೇಕಾಗಿದ್ದು ಸಮಯ ಅನ್ನುವುದು ನಮಗೇ ಮೊದಲ ಸಲ ಗೊತ್ತಾಯಿತು.

ಹಾಗಾಗಿ ಕೇಳುವ ರೀತಿಯನ್ನು ಮೊದಲು ಬದಲಿಸಿ. ಕರಡನ್ನು ನೀವು ಓದಿ. ಅದು ನಿಮ್ಮ ಕೆಲಸ, ಸದಸ್ಯರದ್ದಲ್ಲ. ಓದುವಾಗ ಯಾವ ಕಲಂ ಯಾರ ದಿನದ ಕೆಲಸವನ್ನು ಮುಟ್ಟುತ್ತದೆ ಅಂತ ಅಂಚಿನಲ್ಲಿ ಗುರುತು ಹಾಕಿ. ಪ್ರತಿ ಗುರುತಿಗೂ ಒಂದು ಪ್ರಶ್ನೆ ಮಾಡಿ, ಉತ್ತರ ಒಂದು ಸಂಖ್ಯೆಯಾಗಿ ಅಥವಾ ಒಂದು ಘಟನೆಯಾಗಿ ಬರುವಂಥ ಪ್ರಶ್ನೆ. ‘ಈ ನಿಯಮದಿಂದ ತೊಂದರೆ ಆಗುತ್ತದೆಯೇ?’ ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ, ಆ ಹೌದನ್ನು ಇಟ್ಟುಕೊಂಡು ಏನೂ ಮಾಡಲು ಬರುವುದಿಲ್ಲ. ‘ಈ ಫಾರಂ ತುಂಬಲು ನಿಮ್ಮಲ್ಲಿ ಯಾರು ಕೂರುತ್ತಾರೆ, ತಿಂಗಳಿಗೆ ಎಷ್ಟು ಗಂಟೆ ಹಿಡಿಯುತ್ತದೆ?’, ‘ಕಳೆದ ಸಲ ತಪಾಸಣೆಗೆ ಬಂದಾಗ ಯಾವ ದಾಖಲೆ ಕೇಳಿದರು, ಯಾವುದು ನಿಮ್ಮ ಹತ್ತಿರ ಇರಲಿಲ್ಲ?’, ‘ಇದನ್ನು ನೀವೇ ಬರೆಯಬೇಕಾಗಿದ್ದರೆ ಯಾವ ಸಾಲು ಬದಲಿಸುತ್ತಿದ್ದಿರಿ?’ ಇಂಥವು. ಹತ್ತು ನಿಮಿಷದ ಫೋನ್ ಸಾಕು. ಸರ್ವೆ ಫಾರಂಗಿಂತ ಫೋನ್ ಮೇಲು ಅಂತ ನಾನು ಯಾವಾಗಲೂ ಹೇಳುತ್ತೇನೆ, ಯಾಕೆಂದರೆ ಎರಡನೇ ಪ್ರಶ್ನೆ ಹುಟ್ಟುವುದು ಮೊದಲನೆಯದರ ಉತ್ತರದಿಂದ. ಆ ಐದು ತಿಂಗಳ ಮಾತು ಬಂದಾಗ ‘ಯಾಕೆ ಅಷ್ಟೊಂದು?’ ಅಂತ ಕೇಳಿದ್ದರಿಂದ ತಾನೇ ಪ್ರಿಂಟ್ ಮಾಡುವವರು ಕಡಿಮೆ ಆರ್ಡರ್ ತಗೊಳ್ಳುವುದಿಲ್ಲ ಅನ್ನುವ ವಿಷಯ ಹೊರಬಂದಿದ್ದು. ಫಾರಂ ಆಗಿದ್ದರೆ ಅಲ್ಲಿ 5 ಅಂತ ಇರುತ್ತಿತ್ತು, ಅಷ್ಟೇ.

ಯಾರಿಗೆ ಫೋನ್ ಮಾಡಬೇಕು ಅನ್ನುವುದು ಗೊತ್ತಿರಬೇಕಲ್ವಾ? ಅದಕ್ಕೊಂದು ಪಟ್ಟಿ ಬೇಕು. ನಿಮ್ಮ ಹತ್ತಿರ ಈಗಿರುವುದು ಹೆಸರು, ವಿಳಾಸ, ಚಂದಾ ಕಟ್ಟಿದ ದಿನಾಂಕ ಇರುವ ಪುಸ್ತಕ ಅಂತ ಊಹಿಸುತ್ತೇನೆ. ಅದರ ಪಕ್ಕದಲ್ಲಿ ಇನ್ನೊಂದನ್ನು ಶುರು ಮಾಡಿ: ಯಾರಿಗೆ ಏನು ಗೊತ್ತು. ಯಾರು ರಫ್ತು ಮಾಡುತ್ತಾರೆ, ಯಾರಲ್ಲಿ ಹತ್ತಕ್ಕಿಂತ ಕಡಿಮೆ ಜನ ಕೆಲಸಕ್ಕಿದ್ದಾರೆ, ಯಾರು ಬಾಯ್ಲರ್ ಇಟ್ಟಿದ್ದಾರೆ, ಯಾರ ಕೇಸ್ ತೆರಿಗೆ ಮೇಲ್ಮನವಿಯಲ್ಲಿ ಮೂರು ವರ್ಷ ನಡೆಯಿತು, ಯಾರು ಯಾವ ಜನಪ್ರತಿನಿಧಿಯ ಕ್ಷೇತ್ರದಲ್ಲಿದ್ದಾರೆ. ಸದಸ್ಯತ್ವ ನವೀಕರಣದ ಸಮಯದಲ್ಲಿ ಎರಡೇ ಪ್ರಶ್ನೆ ಜಾಸ್ತಿ ಕೇಳಿದರೂ ಎರಡು ವರ್ಷದಲ್ಲಿ ಈ ಪಟ್ಟಿ ತುಂಬುತ್ತದೆ. ಕರಡು ಬಂದ ದಿನ ನಿಮಗೆ 300 ಜನ ಬೇಕಾಗುವುದಿಲ್ಲ. ಸರಿಯಾದ ಎಂಟು ಜನ ಬೇಕು, ಪ್ರತಿ ಸಲ ಬೇರೆ ಎಂಟು ಜನ. ಹೀಗೆ ಐದಾರು ವಿಷಯ ಮುಗಿಯುವಷ್ಟರಲ್ಲಿ ನಲವತ್ತು ಐವತ್ತು ಜನ ಕೈ ಹಾಕಿರುತ್ತಾರೆ. ಎಲ್ಲರನ್ನೂ ಎಲ್ಲದಕ್ಕೂ ಎಳೆಯಲು ಹೋಗುವ ಸಂಘಗಳು ಬೇಗ ಸುಸ್ತಾಗುತ್ತವೆ.

ಇನ್ನು ಸಮಯದ ಮಾತು. ಕರಡು ಹೊರಬಿದ್ದ ದಿನ ನೀವು ಆಗಲೇ ತಡವಾಗಿರುತ್ತೀರಿ. ಭಾರತದಲ್ಲಿ 2014ರ ಶಾಸನಪೂರ್ವ ಸಮಾಲೋಚನಾ ನೀತಿಯ ಪ್ರಕಾರ ಕೇಂದ್ರದ ಕರಡು ಕನಿಷ್ಠ 30 ದಿನ ಸಾರ್ವಜನಿಕರ ಮುಂದೆ ಇರಬೇಕು. ಅಮೆರಿಕದಲ್ಲಿ 1946ರ ಆಡಳಿತ ಕಾರ್ಯವಿಧಾನ ಕಾಯ್ದೆಯಿಂದಲೇ ಕರಡು ಪ್ರಕಟಿಸಿ ಅಭಿಪ್ರಾಯ ತೆಗೆದುಕೊಳ್ಳುವ ಪದ್ಧತಿ ಇದೆ, ಸಾಮಾನ್ಯವಾಗಿ 30ರಿಂದ 60 ದಿನ. ಯುರೋಪಿಯನ್ ಕಮಿಷನ್ ಸಾರ್ವಜನಿಕ ಸಮಾಲೋಚನೆಗೆ 12 ವಾರ ಕೊಡುತ್ತದೆ, ಕೆಲವು ಕರಡುಗಳಿಗೆ 4 ವಾರ ಮಾತ್ರ. ಎಲ್ಲಿಯಾದರೂ ಅಷ್ಟೇ, 30 ದಿನ ಅಂದರೆ ಕೈಗೆ ಸಿಗುವುದು ಇಪ್ಪತ್ತು. ಮೊದಲ ನಾಲ್ಕು ದಿನ ಓದಲು ಮತ್ತು ಪ್ರಶ್ನೆ ಮಾಡಲು, ಮುಂದಿನ ವಾರ ಫೋನ್‌ಗೆ, ಆಮೇಲೆ ನಾಲ್ಕು ದಿನ ಬರೆಯಲು, ಎರಡು ದಿನ ಆ ಎಂಟು ಜನರಿಗೆ ತೋರಿಸಿ ತಿದ್ದಲು, ಉಳಿದದ್ದು ಕಾರ್ಯಕಾರಿ ಸಮಿತಿಯ ಒಪ್ಪಿಗೆಗೆ. ಕೊನೆಯ ದಿನ ಸಂಜೆ ಕಳಿಸುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಆದರೆ ನಿಜವಾದ ಕೆಲಸ ನಡೆಯುವುದು ಕರಡಿಗೂ ಮೊದಲು. ಒಂದು ಸಮಿತಿ ರಚನೆಯಾದಾಗ, ಒಂದು ಅಪಘಾತದ ನಂತರ ಎಲ್ಲರೂ ಹೊಸ ನಿಯಮ ಬೇಕು ಅಂದಾಗ, ನ್ಯಾಯಾಲಯ ಸರ್ಕಾರಕ್ಕೆ ನಿರ್ದೇಶನ ಕೊಟ್ಟಾಗ, ಪಕ್ಕದ ದೇಶವೋ ರಾಜ್ಯವೋ ಹೊಸ ಕಾನೂನು ತಂದಾಗ, ಆಗಲೇ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತಿಳಿಯುತ್ತದೆ. ಇದನ್ನು ನಿಮಗಿಂತ ಮೊದಲು ಸದಸ್ಯರು ನೋಡುತ್ತಾರೆ. ತಪಾಸಣೆಗೆ ಬಂದವರು ಹೊಸ ಪ್ರಶ್ನೆ ಕೇಳಲು ಶುರು ಮಾಡಿರುತ್ತಾರೆ, ದೊಡ್ಡ ಗ್ರಾಹಕರು ಹೊಸ ಪ್ರಮಾಣಪತ್ರ ಬೇಕು ಅನ್ನುತ್ತಿರುತ್ತಾರೆ. ‘ಈ ತಿಂಗಳು ಯಾರಾದರೂ ನಿಮ್ಮನ್ನು ಹೊಸದಾಗಿ ಏನಾದರೂ ಕೇಳಿದರಾ?’ ಅಂತ ತಿಂಗಳಿಗೊಮ್ಮೆ ಹತ್ತು ಜನರನ್ನು ವಿಚಾರಿಸಿದರೆ ಸಾಕು. ರಫ್ತು ಮಾಡುವವರಿದ್ದರೆ ಇನ್ನೊಂದು ದಾರಿಯಿದೆ. ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶಗಳು ವ್ಯಾಪಾರಕ್ಕೆ ತಟ್ಟುವ ಹೊಸ ತಾಂತ್ರಿಕ ನಿಯಮಗಳ ಕರಡನ್ನು ಅಲ್ಲಿಗೆ ತಿಳಿಸಬೇಕು, ಅಭಿಪ್ರಾಯಕ್ಕೆ ಕನಿಷ್ಠ 60 ದಿನ ಕೊಡಬೇಕು ಎಂಬುದು ಅಲ್ಲಿನ ಸಮಿತಿಯ ಶಿಫಾರಸು. ಇಂಥ ಸೂಚನೆಗಳನ್ನು ಯಾರು ಬೇಕಾದರೂ ನೋಡಬಹುದು. ಸಂಘದಲ್ಲಿ ಒಬ್ಬರು ವಾರಕ್ಕೊಮ್ಮೆ ನೋಡಿದರೂ ದೊಡ್ಡ ಉಪಕಾರ.

ಒಂದು ಎಚ್ಚರಿಕೆ. ಸದಸ್ಯರನ್ನು ತೊಡಗಿಸುವುದು ಅಂದರೆ ಒಂದೇ ಪತ್ರವನ್ನು 300 ಜನರಿಂದ ಕಳಿಸುವುದು ಅಂತ ತಿಳಿದವರು ಬಹಳ ಇದ್ದಾರೆ. ತಲೆ ಎಣಿಸಿದರೆ ಸರ್ಕಾರ ಹೆದರುತ್ತದೆ ಅನ್ನುವ ಲೆಕ್ಕ. 2017ರಲ್ಲಿ ಅಮೆರಿಕದ ಸಂಪರ್ಕ ನಿಯಂತ್ರಕ ಎಫ್‌ಸಿಸಿಗೆ ಇಂಟರ್ನೆಟ್ ಸಮಾನತೆಯ ನಿಯಮದ ಬಗ್ಗೆ 2.2 ಕೋಟಿಗೂ ಹೆಚ್ಚು ಅಭಿಪ್ರಾಯಗಳು ಬಂದವು. ಅದರಲ್ಲಿ ಸುಮಾರು 1.8 ಕೋಟಿ ನಕಲಿ ಅಂತ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ 2021ರಲ್ಲಿ ಹೇಳಿತು. ಒಬ್ಬ ಕಾಲೇಜು ವಿದ್ಯಾರ್ಥಿಯೇ 77 ಲಕ್ಷ ಹಾಕಿದ್ದ. ಇಂಥದ್ದನ್ನೆಲ್ಲ ನೋಡಿದ ಮೇಲೆ ಅಚ್ಚು ಹಾಕಿದ ಪತ್ರಕ್ಕೆ ಯಾವ ಬೆಲೆ ಉಳಿಯುತ್ತದೆ? ನಿಮ್ಮ 300 ಪತ್ರವನ್ನು ಒಂದು ಕಟ್ಟಿಗೆ ಕಟ್ಟಿ ‘ಒಂದೇ ರೀತಿಯವು’ ಅಂತ ಬರೆದು ಪಕ್ಕಕ್ಕಿಡುತ್ತಾರೆ. ಅದರ ಬದಲು ಎಂಟು ಜನ, ಅವರವರ ಮಾತಿನಲ್ಲಿ, ಅವರವರ ಲೆಕ್ಕದ ಜೊತೆ ಬರೆದ ಎಂಟು ಪತ್ರ ಇರಲಿ. ಭಾಷೆ ಒರಟಾಗಿದ್ದರೂ ತಿದ್ದಬೇಡಿ. ಸಂಖ್ಯೆ ಸರಿಯಿದೆಯಾ ಅಂತ ಮಾತ್ರ ನೋಡಿ.

ಜನಬಲ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ವ್ಯಾಪಾರಿಗಳು, ಗಿರಣಿ ಮಾಲೀಕರು 1838ರಲ್ಲಿ ಧಾನ್ಯ ಆಮದಿನ ಸುಂಕದ ಕಾನೂನಿನ ವಿರುದ್ಧ ಒಟ್ಟಾದರು. ರಿಚರ್ಡ್ ಕಾಬ್ಡೆನ್, ಜಾನ್ ಬ್ರೈಟ್ ಅದರ ಮುಂದಾಳುಗಳು. ಊರೂರಿಗೆ ಭಾಷಣಕಾರರನ್ನು ಕಳಿಸಿದರು. 1840ರಲ್ಲಿ ಅಗ್ಗದ ಪೆನ್ನಿ ಅಂಚೆ ಬಂದಾಗ ಅದನ್ನೇ ಹಿಡಿದು ಮತದಾರರಿಗೆ ಕರಪತ್ರ ಕಳಿಸಿದರು. 1846ರಲ್ಲಿ ಆ ಕಾನೂನು ರದ್ದಾಯಿತು. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಆ ಎಂಟು ವರ್ಷ. ಮೊದಲ ಎರಡು ವರ್ಷ ಏನೂ ಆಗಲಿಲ್ಲ ಅಂತ ಅವರು ಮನೆಗೆ ಹೋಗಲಿಲ್ಲ. ನಿಮ್ಮ ಸದಸ್ಯರಿಗೂ ಮೊದಲೇ ಹೇಳಿಬಿಡಿ, ಇದು ಮುಂದಿನ ತಿಂಗಳು ಮುಗಿಯುವ ಕೆಲಸ ಅಲ್ಲ ಅಂತ.

ಈಗ ದೊಡ್ಡವರು, ಸಣ್ಣವರ ಜಗಳಕ್ಕೆ ಬರೋಣ. ಯಾರಿಗೂ ಬೇಜಾರಾಗದ ಹಾಗೆ ಬರೆದ ಪತ್ರದಿಂದ ಯಾರಿಗೂ ಉಪಯೋಗ ಇಲ್ಲ. ‘ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇವೆ’ ಅಂದರೆ ಓದುವ ಅಧಿಕಾರಿ ಏನು ಮಾಡಬೇಕು? ಏನೂ ಮಾಡಬೇಕಾಗಿಲ್ಲ, ಹಾಗಾಗಿ ಏನೂ ಮಾಡುವುದಿಲ್ಲ. ಮೊದಲು ಜಗಳ ಎಲ್ಲಿದೆ ಅಂತ ಸರಿಯಾಗಿ ಹುಡುಕಿ. ಇಡೀ ನಿಯಮದ ಮೇಲೆ ಜಗಳ ಅಂತ ಕಾಣುವುದು ಬಿಡಿಸಿ ನೋಡಿದರೆ ಒಂದೆರಡು ಜಾಗದಲ್ಲಿ ಮಾತ್ರ ಇರುತ್ತದೆ. ಜಾರಿಯ ದಿನಾಂಕ, ಎಷ್ಟು ವಹಿವಾಟಿನ ಮೇಲಿನವರಿಗೆ ಅನ್ವಯ ಅನ್ನುವ ಮಿತಿ, ಪರೀಕ್ಷೆಯ ಖರ್ಚು ಯಾರದ್ದು. ದೊಡ್ಡವರಿಗೆ ಎಲ್ಲ ಕಡೆ ಒಂದೇ ನಿಯಮ ಬೇಗ ಬಂದರೆ ಸಾಕು. ಸಣ್ಣವರಿಗೆ ಸಮಯ ಬೇಕು. ಇವೆರಡೂ ಒಂದೇ ಪತ್ರದಲ್ಲಿ ಇರಬಹುದು: ನಿಯಮ ಒಂದೇ ಇರಲಿ, ಇಷ್ಟಕ್ಕಿಂತ ಕಡಿಮೆ ಜನರಿರುವ ಘಟಕಕ್ಕೆ ಇಷ್ಟು ತಿಂಗಳು ಹೆಚ್ಚು ಕೊಡಿ.

ಹೊಂದಲೇ ಇಲ್ಲ ಅಂದರೆ? ಅದಕ್ಕೆ ನಿಯಮವನ್ನು ಶಾಂತವಾಗಿರುವಾಗ ಬರೆದಿಡಿ, ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಹೋಗಬೇಡಿ. ನಿಲುವು ತೀರ್ಮಾನಕ್ಕೆ ಎಷ್ಟು ಬಹುಮತ ಬೇಕು, ಚಂದಾ ಜಾಸ್ತಿ ಕೊಡುವವರಿಗೆ ಮತ ಜಾಸ್ತಿಯೋ ಅಲ್ಲವೋ, ಯಾವ ವಿಷಯದಲ್ಲಿ ಸಂಘ ಸುಮ್ಮನಿರುತ್ತದೆ, ಒಪ್ಪದವರು ತಮ್ಮ ಹೆಸರಿನಲ್ಲಿ ಬೇರೆ ಪತ್ರ ಕಳಿಸಬಹುದೋ ಇಲ್ಲವೋ. ನನ್ನ ಅಭಿಪ್ರಾಯ ಕೇಳಿದರೆ, ಕಳಿಸಲಿ. ಮನವಿಯಲ್ಲೇ ‘ನಮ್ಮ ಕೆಲವು ಸದಸ್ಯರು ಈ ಅಂಶದಲ್ಲಿ ಬೇರೆ ಅಭಿಪ್ರಾಯ ಹೊಂದಿದ್ದಾರೆ, ಕಾರಣ ಇದು’ ಅಂತ ಎರಡು ಸಾಲು ಬರೆಯುವುದರಿಂದ ಸಂಘ ಸಣ್ಣದಾಗುವುದಿಲ್ಲ. ಓದುವವರಿಗೆ ಉಳಿದ ಪುಟಗಳ ಮೇಲೆ ನಂಬಿಕೆ ಬರುತ್ತದೆ. ದೊಡ್ಡ ಸದಸ್ಯರೊಬ್ಬರು ‘ಹೀಗೆ ಬರೆದರೆ ನಾವು ಸಂಘ ಬಿಡ್ತೀವಿ’ ಅಂದಾಗಲೂ ಬರೆದಿಟ್ಟ ನಿಯಮ ನಿಮ್ಮ ಕೈ ಹಿಡಿಯುತ್ತದೆ. ಅದಿಲ್ಲದಿದ್ದರೆ ಅದು ಅವರಿಗೂ ನಿಮಗೂ ನಡುವಿನ ಜಗಳವಾಗಿ ಬಿಡುತ್ತದೆ.

ಸದಸ್ಯರು ಮಾತಾಡಿ ಕೆಡಿಸುತ್ತಾರೆ ಅನ್ನುವ ಭಯ. ಇದು ನನಗೂ ಇತ್ತು. ಈಗಿಲ್ಲ. ಅಧ್ಯಕ್ಷರು ಚೆನ್ನಾಗಿ ಮಾತಾಡುತ್ತಾರೆ ನಿಜ, ಆದರೆ ಅವರ ಮಾತನ್ನು ಅಧಿಕಾರಿ ಆಗಲೇ ಹತ್ತು ಸಲ ಕೇಳಿದ್ದಾರೆ. ಸ್ವತಃ ಯಂತ್ರದ ಮುಂದೆ ನಿಲ್ಲುವವರು ತಡವರಿಸಿ ಹೇಳಿದ ಎರಡು ಮಾತು ಅದಕ್ಕಿಂತ ಒಳಗೆ ಹೋಗುತ್ತದೆ. ತಯಾರಿ ಬೇಕು ಅಷ್ಟೇ. ಮೂರು ಜನಕ್ಕಿಂತ ಜಾಸ್ತಿ ಹೋಗಬೇಡಿ. ಒಬ್ಬರು ತಮ್ಮ ಅನುಭವ ಹೇಳಲಿ, ಒಬ್ಬರು ಏನು ಬೇಕು ಅಂತ ಕೇಳಲಿ, ನೀವು ಬರೆದುಕೊಳ್ಳಿ. ಹಿಂದಿನ ದಿನ ಇಪ್ಪತ್ತು ನಿಮಿಷ ಕೂತು ಅಧಿಕಾರಿಯ ಜಾಗದಲ್ಲಿ ನೀವು ಇದ್ದು ಕಷ್ಟದ ಪ್ರಶ್ನೆ ಕೇಳಿ. ‘ನಿಮ್ಮವರೇ ಒಬ್ಬರು ಇದನ್ನು ಆಗಲೇ ಪಾಲಿಸುತ್ತಿದ್ದಾರಲ್ಲ, ನಿಮಗೇಕೆ ಆಗುವುದಿಲ್ಲ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೆ ಉತ್ತರ ಇಟ್ಟುಕೊಂಡಿರಲಿ. ತಮ್ಮ ಸ್ವಂತ ಕೇಸಿನ ಮಾತು ಅಲ್ಲಿ ಎತ್ತುವಂತಿಲ್ಲ ಅಂತ ಮೊದಲೇ ಸ್ಪಷ್ಟವಾಗಿ ಹೇಳಿ. ದಾಖಲೆಯಲ್ಲಿ ತೋರಿಸಲಾಗದ ಸಂಖ್ಯೆ ಹೇಳುವಂತಿಲ್ಲ. ಉಡುಗೊರೆ, ದೇಣಿಗೆಯ ಸುಳಿವು ಕೂಡ ಬೇಡ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ, ತಿಳಿದುಕೊಂಡು ಹೇಳ್ತೀನಿ’ ಅನ್ನುವುದು ಒಳ್ಳೆಯ ಉತ್ತರ ಅಂತ ಅವರಿಗೆ ಗೊತ್ತಿರಲಿ. ಆಗ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ತಪ್ಪಾದರೂ ಸರಿಪಡಿಸಬಹುದು. ಒಂದು ಸಲ ನಮ್ಮ ಜೊತೆ ಬಂದವರೊಬ್ಬರು ಉತ್ಸಾಹದಲ್ಲಿ, ನಮ್ಮ ವಲಯದಲ್ಲಿ ಮುಕ್ಕಾಲು ಪಾಲು ಘಟಕ ಈ ನಿಯಮದಿಂದ ಹೊರಗೆ ಉಳಿಯುತ್ತವೆ ಅಂದುಬಿಟ್ಟರು. ನಮ್ಮ ಹತ್ತಿರ ಇದ್ದ ಲೆಕ್ಕ ಅರ್ಧಕ್ಕಿಂತ ಕಡಿಮೆ. ಮರುದಿನ ಬೆಳಿಗ್ಗೆಯೇ ‘ನಿನ್ನೆ ಹೇಳಿದ ಸಂಖ್ಯೆ ಸರಿಯಿಲ್ಲ, ಸರಿಯಾದದ್ದು ಇದು, ಲೆಕ್ಕ ಹಾಕಿದ ರೀತಿ ಹೀಗೆ’ ಅಂತ ಪತ್ರ ಕಳಿಸಿದೆವು. ನಮ್ಮ ವಾದಕ್ಕೆ ಅದರಿಂದ ಸ್ವಲ್ಪ ಪೆಟ್ಟಾಯಿತು. ಆದರೆ ಮುಂದಿನ ವರ್ಷ ಬೇರೆ ಒಂದು ಕರಡು ಬರೆಯುವ ಮೊದಲು ಅದೇ ಕಚೇರಿಯಿಂದ ಫೋನ್ ಬಂತು, ನಿಮ್ಮವರಲ್ಲಿ ಇದರ ಲೆಕ್ಕ ಇಟ್ಟವರು ಯಾರಾದರೂ ಇದ್ದಾರಾ ಅಂತ.

ಸಾಧ್ಯವಾದರೆ ಅಧಿಕಾರಿಗಳನ್ನೇ ಸದಸ್ಯರ ಕೆಲಸದ ಜಾಗಕ್ಕೆ ಕರೆಯಿರಿ. ಅಲ್ಲಿ ಸದಸ್ಯರಿಗೆ ಮಾತು ತಾನಾಗಿಯೇ ಬರುತ್ತದೆ.

ಕಾನೂನಿನ ಎರಡು ಗೆರೆಗಳನ್ನು ದಾಟಬೇಡಿ. ಮೊದಲನೆಯದು ಸ್ಪರ್ಧಾ ಕಾನೂನು, ಅಂದರೆ ವ್ಯಾಪಾರಿಗಳು ಒಳಗೊಳಗೇ ಕೈಜೋಡಿಸಿ ಪೈಪೋಟಿ ಕೆಡಿಸದಂತೆ ತಡೆಯುವ ಕಾನೂನು. ಒಂದೇ ವ್ಯಾಪಾರದವರು ಒಟ್ಟಿಗೆ ಕೂತಾಗ ಮಾತು ಬೆಲೆಯ ಕಡೆ, ಯಾರಿಗೆ ಮಾರಬೇಕು ಯಾರಿಗೆ ಬೇಡ ಅನ್ನುವ ಕಡೆ ಜಾರುವುದು ಬಹಳ ಸುಲಭ. ಅಮೆರಿಕದಲ್ಲಿ 1890ರ ಶರ್ಮನ್ ಕಾಯ್ದೆಯಿಂದ ಹಿಡಿದು ಭಾರತದ 2002ರ ಸ್ಪರ್ಧಾ ಕಾಯ್ದೆಯವರೆಗೆ ಇದು ಕಾನೂನು ಮುರಿಯುವ ಜಾಗ. ಒಟ್ಟಾಗಿ ಸರ್ಕಾರವನ್ನು ಕೇಳಿಕೊಳ್ಳುವುದು ಬೇರೆ ವಿಷಯ. ಪ್ರಾಮಾಣಿಕವಾಗಿ ಕಾನೂನು ಬದಲಿಸಿ ಅಂತ ಜಂಟಿಯಾಗಿ ಕೇಳುವುದು ಶರ್ಮನ್ ಕಾಯ್ದೆಯ ಉಲ್ಲಂಘನೆ ಅಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿದೆ. ಸದಸ್ಯರಿಂದ ಖರ್ಚು, ವಹಿವಾಟಿನ ಲೆಕ್ಕ ತರಿಸುವಾಗ ಅದು ಸದಸ್ಯರ ನಡುವೆ ಹರಿದಾಡಬಾರದು. ಹೊರಗಿನ ಲೆಕ್ಕ ಪರಿಶೋಧಕರ ಹತ್ತಿರ ಹೋಗಲಿ, ಒಟ್ಟು ಮೊತ್ತ ಮಾತ್ರ ನಿಮಗೆ ಬರಲಿ. ಅಮೆರಿಕದ 1996ರ ಆರೋಗ್ಯ ಕ್ಷೇತ್ರದ ಮಾರ್ಗಸೂಚಿಯಲ್ಲಿ ಒಂದು ಅಳತೆ ಇತ್ತು: ಮಾಹಿತಿ ಮೂರು ತಿಂಗಳಿಗಿಂತ ಹಳೆಯದಾಗಿರಬೇಕು, ಕನಿಷ್ಠ ಐದು ಜನರದ್ದಾಗಿರಬೇಕು, ಯಾರೊಬ್ಬರ ಪಾಲೂ ಶೇ 25 ದಾಟಬಾರದು. ಅದನ್ನು 2023ರಲ್ಲಿ ವಾಪಸ್ ಪಡೆದರು, ಹಾಗಾಗಿ ಈಗ ಅದು ರಕ್ಷಣೆ ಅಲ್ಲ. ಕನಿಷ್ಠ ಶಿಸ್ತು ಅಂತ ನಾನು ಈಗಲೂ ಪಾಲಿಸುತ್ತೇನೆ. ಪ್ರತಿ ಸಭೆಗೂ ವಿಷಯಪಟ್ಟಿ ಇರಲಿ, ನಡಾವಳಿ ಬರೆಯಿರಿ.

ಎರಡನೆಯದು ಲಾಬಿ ನೋಂದಣಿ, ಅಂದರೆ ನಿಯಮ ಬದಲಿಸಿ ಅಂತ ಸರ್ಕಾರದ ಹತ್ತಿರ ಹೋಗುವವರು ತಮ್ಮ ಹೆಸರು ದಾಖಲಿಸುವುದು. ಅಮೆರಿಕದಲ್ಲಿ 1995ರ ಕಾಯ್ದೆ ಇದೆ. ಐರೋಪ್ಯ ಒಕ್ಕೂಟದಲ್ಲಿ 2011ರಿಂದ ಪಾರದರ್ಶಕತಾ ನೋಂದಣಿ ಇದೆ. ಕೆನಡಾ, ಐರ್ಲೆಂಡ್‌ಗಳಲ್ಲೂ ಇಂಥ ಕಾನೂನುಗಳಿವೆ. ನೀವು ಕೆಲಸ ಮಾಡುವ ಕಡೆ ಏನಿದೆ ಅಂತ ವಕೀಲರನ್ನು ಒಮ್ಮೆ ಕೇಳಿ, ಸದಸ್ಯರು ಹೋದಾಗ ಅದು ಯಾರ ಲೆಕ್ಕಕ್ಕೆ ಬರುತ್ತದೆ ಅನ್ನುವುದನ್ನೂ ಕೇಳಿ.

ಈಗ ಬಹಳಷ್ಟು ಸಂಘಗಳು ಬಿಟ್ಟುಬಿಡುವ ಕೆಲಸ. ಸದಸ್ಯರು ಕೊಟ್ಟದ್ದು ಏನಾಯಿತು ಅಂತ ಅವರಿಗೆ ಹೇಳಬೇಕು. ಸುಮ್ನೆ ‘ನಿಮ್ಮ ಸಹಕಾರಕ್ಕೆ ಧನ್ಯವಾದ’ ಅಲ್ಲ. ಮನವಿಯ ಪ್ರತಿ ಕಳಿಸಿ, ‘ಪುಟ 3ರ ಎರಡನೇ ಪ್ಯಾರಾ ನೀವು ಹೇಳಿದ್ದು’ ಅಂತ ಬರೆಯಿರಿ. ಅಂತಿಮ ನಿಯಮ ಬಂದ ದಿನ ಮತ್ತೆ ಅವರಿಗೇ ಮೊದಲು ಫೋನ್ ಮಾಡಿ: ನಾವು ಕೇಳಿದ್ದು ಇದು, ಸಿಕ್ಕಿದ್ದು ಇದು, ಸಿಗದೇ ಇದ್ದದ್ದು ಇದು, ಅವರು ಕೊಟ್ಟ ಕಾರಣ ಇದು. ಸೋತಾಗಲೂ ಹೇಳಿ, ಸೋತಾಗಲೇ ಹೆಚ್ಚು ಹೇಳಿ. ತಾನು ಹೇಳಿದ ಮಾತು ಕಾಗದದ ಮೇಲೆ ಕಂಡವರು ಮುಂದಿನ ಸಲ ಫೋನ್ ಎತ್ತುತ್ತಾರೆ.

ಕೊನೆಗೆ, ಸಣ್ಣವರ ಮಾತು. ದೊಡ್ಡ ಕಂಪನಿಯಲ್ಲಿ ಇದಕ್ಕೆಂದೇ ಸಂಬಳದ ಜನ ಇರುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಬರುವುದು ಅವರೇ, ಹಾಗಾಗಿ ನಿಲುವೂ ಅವರದ್ದೇ ಆಗುತ್ತದೆ, ಯಾರೂ ಮೋಸ ಮಾಡದೆಯೂ. ತಾವೇ ಗಲ್ಲಾದಲ್ಲಿ ಕೂರುವವರು, ಒಬ್ಬರೇ ಘಟಕ ನಡೆಸುವವರು ಹನ್ನೊಂದಕ್ಕೆ ಎದ್ದು ಬರಲಾರರು. ಅವರಿಗೆ ರಾತ್ರಿ ಒಂಬತ್ತರ ಫೋನ್ ಸಭೆ ಇಡಿ, ಅರ್ಧ ಗಂಟೆಯಲ್ಲಿ ಮುಗಿಸಿ. ರಾಜಧಾನಿಗೆ ಕರೆದೊಯ್ಯುವುದಾದರೆ ಪ್ರಯಾಣದ ಖರ್ಚು ಸಂಘ ಕೊಡಲಿ. ಇಲ್ಲವಾದರೆ ನೀವೇ ಅವರಲ್ಲಿಗೆ ಹೋಗಿ, ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಗಿರಾಕಿ ಬಂದಾಗ ಸುಮ್ಮನಿದ್ದು, ಹೋದ ಮೇಲೆ ಮುಂದಿನ ಪ್ರಶ್ನೆ ಕೇಳಿ. ಆ ರೋಲ್ ತಂದ ಸದಸ್ಯರ ಲೆಕ್ಕ ಪೂರ್ತಿ ನಮಗೆ ಸಿಕ್ಕಿದ್ದು ಹಾಗೆ ಅವರ ಗೋದಾಮಿನಲ್ಲಿ ಕೂತಾಗಲೇ. ಈಗ ಕರಡು ಬಂದರೆ ನಾನು ಫೋನ್ ಮಾಡುವ ಮೊದಲೇ ಅವರ ಫೋನ್ ಬರುತ್ತದೆ. ‘ಎಷ್ಟು ದಿನ ಕೊಟ್ಟಿದ್ದಾರೆ ಸಾರ್? ಯಾವ ಪುಸ್ತಕ ತೆಗೆದಿಡಲಿ?’